ಮನೆಯ ಕಡತಗಳ ಯಾದಿ

ಎದುರಿಗಿರುವ ವಸ್ತುವನ್ನು ಕಣ್ಣು ಕಾಣುವದು. ಕಳೆದುಹೋದ ವಸ್ತುವನ್ನು ಹೆಸರೊಂದೇ ತೋರಿಸಿಕೊಡಬಲ್ಲದು. ಆದುದರಿಂದಲೇ ನಮ್ಮ ಹಿರಿಯರು ಯಾವದನ್ನು ಕಾಯ್ದುಕೊಳ್ಳಬೇಕೆಂದು ಬಗೆದರೋ ಅದಕ್ಕೆ ಮೊದಲು ಹೆಸರಿಟ್ಟರು. ಬಳಿಕ ಆ ಹೆಸರುಗಳ ಯಾದಿಯನ್ನು ಬೇರೆಯಾಗಿ ಮಾಡಿಟ್ಟರು. ಈ ತಿಂಗಳು ನಾವು ವಾಚಕರ ಮುಂದೆ ಇಡಬೇಕೆಂದಿರುವ ವಿಷಯವು ನೋಡಲು ಬಹು ಚಿಕ್ಕದು. ಗಣಕಯಂತ್ರದ ಒಂದು ಫೋಲ್ಡರಿನಲ್ಲಿರುವ ಫೈಲುಗಳ ಹೆಸರುಗಳನ್ನೆಲ್ಲ ಒಟ್ಟಿಗೆ ತೆಗೆದು, ಬರೆಹದ ಒಂದು ಪುಟಕ್ಕೆ ಇಳಿಸಿಕೊಳ್ಳುವ ಬಗೆ ಹೇಗೆಂಬದೇ ಆ ವಿಷಯ. ಆದರೆ ಈ ಚಿಕ್ಕ ಕೆಲಸವನ್ನು ಮಾಡಿದ ಮನೆಗೂ ಮಾಡದ ಮನೆಗೂ ಇರುವ ಅಂತರವು ಸಂಕಟ ಬಂದ ದಿನ ಸ್ಪಷ್ಟವಾಗಿ ಕಾಣುವದು.

ಮುಧೋಳ ತಾಲೂಕಿನ ತಿಮ್ಮಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಲೂ, ಮುಧೋಳ ತಳಿಯ ಬೇಟೆನಾಯಿಗಳ ಸಂಶೋಧನ ಕೇಂದ್ರದಿಂದಲೂ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವದು. ಇಂಥ ಊರಿನಲ್ಲಿ ಒಕ್ಕಲುತನದ ಒಂದು ಮನೆಯೊಳಗೆ ಎಷ್ಟು ಬಗೆಯ ಕಾಗದಗಳಿರುವವೆಂದು ಎಣಿಸಿದರೆ ಆಶ್ಚರ್ಯವಾಗುವದು. ಹೊಲದ ಉತಾರಗಳು, ಖರೀದಿಪತ್ರಗಳು, ಅಣ್ಣತಮ್ಮಂದಿರ ವಾಟಣಿಪತ್ರ, ಕಬ್ಬು ಕಳಿಸಿದ ತೂಕದ ಚೀಟಿಗಳು, ಸೊಸಾಯಿಟಿಯ ಸಾಲ ತೀರಿಸಿದ ಪಾವತಿಗಳು, ಮಕ್ಕಳ ಪರೀಕ್ಷೆಯ ಅಂಕಪತ್ರಗಳು, ಜಾತಕಗಳು, ಅಜ್ಜನ ಕೈಬರೆಹದ ಕಾಗದಗಳು, ಮದುವೆಯ ಭಾವಚಿತ್ರಗಳು ಹೀಗೆ ಅವುಗಳಿಗೆ ಕೊನೆಯಿಲ್ಲ. ಹಿಂದೆ ಇವೆಲ್ಲ ರುಮಾಲಿನಲ್ಲಿ ಕಟ್ಟಿದ ಗಂಟಾಗಿ ತಗಡಿನ ಟ್ರಂಕಿನೊಳಗೆ ಇರುತ್ತಿದ್ದವು. ಯಾವ ಕಾಗದವು ಯಾವ ಗಂಟಿನಲ್ಲಿದೆಯೆಂಬದು ಮನೆಯ ಹಿರಿಯ ತಾಯಿಗೋ ಅಜ್ಜನಿಗೋ ಬಾಯಿಪಾಠವಾಗಿ ಗೊತ್ತಿರುತ್ತಿತ್ತು. ಆ ಒಬ್ಬರು ಕಣ್ಮುಚ್ಚಿದ ದಿನ, ಟ್ರಂಕು ಉಳಿದರೂ ಅದರ ಯಾದಿಯು ಅವರೊಡನೆಯೇ ಹೋಗಿಬಿಡುತ್ತಿತ್ತು.

ಇದಲ್ಲದೆ ನಮ್ಮ ಸೀಮೆಗೆ ನೀರಿನ ಭಯವೂ ಉಂಟು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗವೂ ಬೀಳಗಿ ಕಡೆಯ ಅನೇಕ ಹಳ್ಳಿಗಳೂ ಮುಳುಗಡೆಯಾದವು; ತಲೆಮಾರುಗಳಿಂದ ಒಂದೇ ಸೂರಿನಡಿಯಲ್ಲಿದ್ದ ಸಾಮಾನುಗಳು ಗಾಡಿಗಳ ಮೇಲೇರಿ ಹೊಸ ಊರುಗಳಿಗೆ ಹೋದವು. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ ಹರಿದು ಮುಧೋಳ ತಾಲೂಕಿನ ಹಲವು ಊರುಗಳ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಗೋಡೆಯನ್ನು ಮರಳಿ ಕಟ್ಟಬಹುದು, ಧಾನ್ಯವನ್ನು ಮರಳಿ ತುಂಬಬಹುದು. ಕೆಸರಿನಲ್ಲಿ ಮುದ್ದೆಯಾದ ಕಾಗದಗಳ ಪೈಕಿ ಯಾವಯಾವವು ಹೋದವೆಂದು ಹೇಳುವದಕ್ಕೆ ಮಾತ್ರ ಯಾದಿಯಿಲ್ಲದ ಮನೆಯವರಿಂದ ಆಗದು. ಏನು ಹೋಯಿತೆಂದು ತಿಳಿದವನು ಅದರ ಪ್ರತಿಯನ್ನು ಕೇಳಬಲ್ಲನು. ಅದು ತಿಳಿಯದವನು ಯಾವ ಕಚೇರಿಗೆ ಹೋಗಿ ಏನೆಂದು ಕೇಳಬೇಕು?

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವದರಿಂದ ಕಾಗದಗಳ ಚಿತ್ರಗಳನ್ನು ತೆಗೆದಿಡುವ ರೂಢಿಯು ಮನೆಮನೆಗೆ ಬಂದಿರುವದು ಸಂತೋಷದ ಸಂಗತಿ. ಆದರೆ ‘ಚಿತ್ರ ತೆಗೆದಾಯಿತು, ಇನ್ನು ಚಿಂತೆಯಿಲ್ಲ’ ಎಂಬ ಸಮಾಧಾನವು ಅರ್ಧ ಮಾತ್ರ ನಿಜ. ಚಿತ್ರಕ್ಕೆ ಯಂತ್ರವು ತಾನೇ ಒಂದು ಹೆಸರನ್ನು ಕೊಡುವದು. ಆ ಹೆಸರಿನಲ್ಲಿ ಎರಡುಮೂರು ಇಂಗ್ಲಿಷ್ ಅಕ್ಷರಗಳೂ, ಚಿತ್ರ ತೆಗೆದ ತಾರೀಖೋ ಬರಿಯ ಕ್ರಮಾಂಕವೋ ಇರುವವಲ್ಲದೆ, ಅದು ಹೊಲದ ಉತಾರವೋ ಹುಟ್ಟುಹಬ್ಬದ ಚಿತ್ರವೋ ಎಂಬ ಸೂಚನೆಯೇ ಇರದು. ನಾಲ್ಕುನೂರು ಚಿತ್ರಗಳ ನಡುವೆ ಒಂದು ಖರೀದಿಪತ್ರವನ್ನು ಹುಡುಕುವದು ರುಮಾಲಿನ ಗಂಟನ್ನು ಬಿಚ್ಚಿ ಹುಡುಕುವದಕ್ಕಿಂತ ಸುಲಭವೇನೂ ಅಲ್ಲ. ಮೇಲಾಗಿ ಮೊಬೈಲು ಕಳೆದರೆ, ಇಲ್ಲವೆ ಗಣಕದ ಡಿಸ್ಕು ಕೆಟ್ಟರೆ, ನೀರು ಬಂದ ದಿನದ ಪ್ರಶ್ನೆಯೇ ಮರಳಿ ಬರುವದು: ಅದರಲ್ಲಿ ಏನೇನಿತ್ತು?

ಈ ಪ್ರಶ್ನೆಯು ಹೊಸದಲ್ಲ. ವೇದವನ್ನು ಕಂಠಸ್ಥವಾಗಿ ಕಾಯ್ದುಕೊಂಡು ಬಂದವರು ಇದಕ್ಕೆ ಬಹು ಹಿಂದೆಯೇ ಉಪಾಯವನ್ನು ಕಂಡುಕೊಂಡಿದ್ದರು. ಋಗ್ವೇದದಲ್ಲಿ ಹತ್ತು ಮಂಡಲಗಳು, ವಾಲಖಿಲ್ಯಗಳನ್ನು ಕೂಡಿಸಿ 1028 ಸೂಕ್ತಗಳು. ಇವುಗಳಿಗೆಲ್ಲ ಕಾತ್ಯಾಯನನ ಹೆಸರಿನಲ್ಲಿರುವ ‘ಸರ್ವಾನುಕ್ರಮಣೀ’ ಎಂಬ ಗ್ರಂಥವು ಯಾದಿಯಂತಿದೆ. ಅದರಲ್ಲಿ ಸೂಕ್ತಗಳ ಪಾಠವಿಲ್ಲ. ಪ್ರತಿಯೊಂದು ಸೂಕ್ತದ ಮೊದಲಿನ ಪದ, ಅದರಲ್ಲಿರುವ ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇಷ್ಟು ಮಾತ್ರ ಅಲ್ಲಿರುವವು. ಮೊದಲಿನ ಪದವನ್ನು ಪ್ರತೀಕವೆನ್ನುವರು. ಇಂದಿನ ಮಾತಿನಲ್ಲಿ ಅದನ್ನು ಫೈಲಿನ ಹೆಸರೆಂದರೆ ತಪ್ಪಾಗದು. ಪಾಠವು ಒಂದು ಕಡೆ, ಯಾದಿಯು ಇನ್ನೊಂದು ಕಡೆ ಇದ್ದುದರಿಂದ, ಒಂದರಲ್ಲಿ ಕೊರತೆಯುಂಟಾದರೆ ಇನ್ನೊಂದು ಅದನ್ನು ಹೇಳಿಕೊಡುವಂತಾಯಿತು. ಪೆಟ್ಟಿಗೆಯೊಳಗಿನ ಯಾದಿಯು ಪೆಟ್ಟಿಗೆಯೊಡನೆ ಹೋಗುವದು, ಹೊರಗಿನ ಯಾದಿಯು ಉಳಿಯುವದು ಎಂಬ ವಿವೇಕವು ಇದರಲ್ಲಿ ಅಡಗಿದೆ.

ಇದಕ್ಕಿಂತ ಹತ್ತಿರದ ನಿದರ್ಶನವು ಮುಧೋಳದಲ್ಲಿಯೇ ದೊರೆಯುವದು. ಕವಿಚಕ್ರವರ್ತಿ ರನ್ನನು ಕ್ರಿ.ಶ. 949ರಲ್ಲಿ ಮುದುವೊಳಲೆಂಬ ಈ ಊರಿನಲ್ಲಿ ಹುಟ್ಟಿದನು. ಅವನ ‘ಅಜಿತಪುರಾಣ’ವೂ ‘ಗದಾಯುದ್ಧ’ವೂ ನಮ್ಮ ಕೈಯಲ್ಲಿವೆ. ಆದರೆ ಅವನು ರಚಿಸಿದನೆನ್ನುವ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ ಎಂಬೆರಡು ಕಾವ್ಯಗಳು ಹೆಸರಿನಿಂದ ಮಾತ್ರ ತಿಳಿದಿರುವವು; ಗ್ರಂಥಗಳು ಇದುವರೆಗೆ ದೊರೆತಿಲ್ಲ. ಆ ಹೆಸರುಗಳೂ ಉಳಿಯದೆ ಹೋಗಿದ್ದರೆ, ನಮ್ಮ ನಾಡು ಅಂಥ ಎರಡು ಕಾವ್ಯಗಳನ್ನು ಕಳೆದುಕೊಂಡಿರುವದೆಂಬ ಅರಿವೇ ನಮಗೆ ಇರುತ್ತಿರಲಿಲ್ಲ. ಯಾವದೋ ಬಸದಿಯ ಅಥವಾ ಮನೆಯ ಅಟ್ಟದ ಮೇಲಿನ ತಾಳೆಯ ಕಟ್ಟನ್ನು ಬಿಚ್ಚುವ ಸಂಶೋಧಕನಿಗೆ ಏನನ್ನು ಹುಡುಕಬೇಕೆಂದು ಗೊತ್ತಿರುವದು ಆ ಎರಡು ಹೆಸರುಗಳು ಉಳಿದುದರಿಂದಲೇ ಅಲ್ಲವೆ?

ಹೆಸರುಗಳ ಯಾದಿಯೆಂದರೆ ಗುಮಾಸ್ತರ ಕೆಲಸವೆಂದು ಹಗುರಾಗಿ ಎಣಿಸುವವರು ಇನ್ನೊಂದು ಸಂಗತಿಯನ್ನು ತಿಳಿಯಬೇಕು. ಜರ್ಮನಿಯ ಸಂಸ್ಕೃತವಿದ್ವಾಂಸನಾದ ಥಿಯೊಡೋರ್ ಆಫ್ರೆಕ್ಟನು ಆಗ ದೊರೆಯುತ್ತಿದ್ದ ಹಸ್ತಪ್ರತಿಗಳ ಯಾದಿಗಳನ್ನು ಕೂಡಿಸಿ, ಸಂಸ್ಕೃತದ ಗ್ರಂಥಗಳ ಮತ್ತು ಗ್ರಂಥಕರ್ತರ ಹೆಸರುಗಳ ಒಂದು ಮಹಾಯಾದಿಯನ್ನು 1891ರಿಂದ 1903ರ ವರೆಗೆ ಮೂರು ಭಾಗಗಳಲ್ಲಿ ಪ್ರಕಟಿಸಿದನು. ಅದು ಯಾದಿಗಳ ಯಾದಿ. ಮುಂದೆ ಮದ್ರಾಸ್ ವಿಶ್ವವಿದ್ಯಾಲಯವು ಅದೇ ಕೆಲಸವನ್ನು ಹೊಸದಾಗಿ ಕೈಕೊಂಡಿತು. ಒಂದು ಹಸ್ತಪ್ರತಿಯು ಎಲ್ಲಿದೆಯೆಂದು ತಿಳಿಯಬಯಸುವ ವಿದ್ಯಾರ್ಥಿಯು ಇಂಥ ಯಾದಿಗಳನ್ನೇ ಮೊದಲು ತೆರೆಯುವನು.

‘ಕಡತ’ವೆಂಬ ನಮ್ಮ ಮಾತಿನ ಇತಿಹಾಸವೂ ಇಲ್ಲಿ ಸ್ಮರಣೀಯವಾಗಿದೆ. ಈಗ ನಾವು ಕಚೇರಿಯ ಫೈಲಿಗೂ ಗಣಕದ ಫೈಲಿಗೂ ಈ ಮಾತನ್ನು ಬಳಸುವೆವು. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟನ್ನೂ ಇದ್ದಲಿಯ ಕಪ್ಪನ್ನೂ ಬಳಿದು ಗಟ್ಟಿಮಾಡಿದ ಬಟ್ಟೆ. ಅದನ್ನು ಮಡಿಕೆಮಡಿಕೆಯಾಗಿ ಮಡಿಚಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿರುವ ಕಡತಗಳು ಇತಿಹಾಸಕಾರರಿಗೆ ಬಹು ಉಪಯುಕ್ತವಾಗಿವೆ. ಬಟ್ಟೆಯು ಹೋಗಿ ಕಾಗದ ಬಂದಿತು, ಕಾಗದದ ಪಕ್ಕಕ್ಕೆ ಯಂತ್ರ ಬಂದಿತು; ಕಡತವನ್ನು ಕಾಯುವ ಹೊಣೆಯು ಮಾತ್ರ ಮನೆಯವರ ಮೇಲೆಯೇ ಉಳಿದಿದೆ.

ಇನ್ನು ಕೆಲಸದ ರೀತಿಗೆ ಬರೋಣ. ಮೊದಲನೆಯದಾಗಿ, ಹೆಸರುಗಳನ್ನು ಒಂದೊಂದಾಗಿ ನೋಡಿ ಬೆರಳಚ್ಚು ಮಾಡುವ ಗೋಜಿಗೆ ಹೋಗಬಾರದು. ಹಳೆಯ ಹಸ್ತಪ್ರತಿಗಳನ್ನು ಓದಿದವರಿಗೆ ಲೇಖಕಪ್ರಮಾದವೆಂದರೇನೆಂಬದು ಗೊತ್ತು. ಒಂದೇ ರೀತಿಯಲ್ಲಿ ಮುಗಿಯುವ ಎರಡು ಸಾಲುಗಳಿದ್ದರೆ ಪ್ರತಿಕಾರನ ಕಣ್ಣು ಮೊದಲಿನದರಿಂದ ಎರಡನೆಯದಕ್ಕೆ ಹಾರಿ ನಡುವಿನ ಭಾಗವು ಬಿಟ್ಟುಹೋಗುವದು. ಯಂತ್ರವು ಕೊಟ್ಟ ಉದ್ದನೆಯ ಅಂಕಿಗಳಾದರೋ ಒಂದನ್ನೊಂದು ಹೋಲುವವು. ಅಲ್ಲಿ ಕಣ್ಣು ಹಾರುವದು ಇನ್ನೂ ಸುಲಭ. ಎರಡನೆಯದಾಗಿ, ಫೈಲುಗಳನ್ನೇ ಆರಿಸಿ ಕಾಪಿ ಮಾಡಿ ವರ್ಡಿನ ಪುಟದಲ್ಲಿ ಪೇಸ್ಟ್ ಮಾಡಿದರೆ ಹೆಸರುಗಳು ಬರುವದಿಲ್ಲ. ಚಿತ್ರಗಳಿದ್ದರೆ ಆ ಚಿತ್ರಗಳೇ ಬಂದು ಪುಟವನ್ನು ತುಂಬುವವು. ನಮಗೆ ಬೇಕಾದುದು ಹೆಸರು, ವಸ್ತುವಲ್ಲ.

ಚಿತ್ರಗಳು ಮೊಬೈಲಿನಲ್ಲಿದ್ದರೆ ಅವುಗಳನ್ನು ಮೊದಲು ಗಣಕದ ಒಂದು ಫೋಲ್ಡರಿಗೆ ಇಳಿಸಿಕೊಳ್ಳತಕ್ಕದ್ದು. ವಿಂಡೋಸ್ ಇರುವ ಗಣಕದಲ್ಲಿ ಆ ಫೋಲ್ಡರನ್ನು ತೆರೆದು, ಕಂಟ್ರೋಲ್ ಕೀಲಿಯೊಡನೆ ‘ಎ’ ಎಂಬ ಇಂಗ್ಲಿಷ್ ಅಕ್ಷರವನ್ನು ಒತ್ತಿದರೆ ಎಲ್ಲ ಫೈಲುಗಳೂ ಆರಿಸಲ್ಪಡುವವು. ಬಳಿಕ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು, ಮೊದಲನೆಯ ಫೈಲಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಬೇಕು. ಆಗ ತೆರೆಯುವ ಪಟ್ಟಿಯಲ್ಲಿ ‘ಕಾಪಿ ಆ್ಯಸ್ ಪಾಥ್’ ಎಂಬ ಸಾಲನ್ನು ಆರಿಸಬೇಕು. ವಿಂಡೋಸ್ 11ರಲ್ಲಿ ಶಿಫ್ಟ್ ಇಲ್ಲದೆಯೂ ಈ ಸಾಲು ಕಾಣುವದು. ಅನಂತರ ವರ್ಡಿನಲ್ಲಿಯೋ, ಬೆಲೆಯಿಲ್ಲದೆ ದೊರೆಯುವ ಲಿಬ್ರೆಆಫೀಸ್ ರೈಟರಿನಲ್ಲಿಯೋ ಹೊಸ ಪುಟವನ್ನು ತೆರೆದು ಪೇಸ್ಟ್ ಮಾಡಿದರೆ ಸಾಲಿಗೊಂದರಂತೆ ಹೆಸರುಗಳು ಇಳಿಯುವವು. ನಡುವಿನ ಯಾವದೋ ಫೈಲಿನ ಮೇಲೆ ಒತ್ತಿದರೆ ಯಾದಿಯು ಅಲ್ಲಿಂದಲೇ ಆರಂಭವಾಗುವದುಂಟು. ಅದಕ್ಕಾಗಿ ಮೊದಲನೆಯದರ ಮೇಲೆ ಒತ್ತುವದು ಒಳ್ಳೆಯದು.

ಹೀಗೆ ಬಂದ ಹೆಸರಿನ ಹಿಂದೆ ಅದರ ಪೂರ್ಣ ವಿಳಾಸವೂ, ಎರಡೂ ಬದಿಗೆ ಉದ್ಧರಣ ಚಿಹ್ನೆಯೂ ಅಂಟಿಕೊಂಡಿರುವವು. ಒಂದು ಕಾಗದಕ್ಕೆ ಊರು, ಓಣಿ, ಮನೆ, ಪೆಟ್ಟಿಗೆ ಎಂದು ಪ್ರತಿಸಲವೂ ಹೇಳಿದಂತೆ ಅದು. ಇದನ್ನು ತೆಗೆಯಬೇಕಾದರೆ ಒಂದು ಸಾಲಿನಲ್ಲಿ, ಆರಂಭದ ಉದ್ಧರಣ ಚಿಹ್ನೆಯಿಂದ ಹಿಡಿದು ಹೆಸರಿಗಿಂತ ಮುಂಚಿನ ಕೊನೆಯ ಓರೆಗೆರೆಯ ವರೆಗಿನ ಭಾಗವನ್ನು ಕಾಪಿ ಮಾಡಿಕೊಂಡು, ಕಂಟ್ರೋಲ್ ಮತ್ತು ‘ಎಚ್’ ಒತ್ತಿದಾಗ ವರ್ಡಿನಲ್ಲಿ ತೆರೆಯುವ ಹುಡುಕಿ ಬದಲಿಸುವ ಕಿಟಕಿಯ ಮೇಲಿನ ಮನೆಯಲ್ಲಿ ಇಡಬೇಕು. ಕೆಳಗಿನ ಮನೆಯನ್ನು ಬರಿದಾಗಿಯೇ ಬಿಟ್ಟು ‘ರಿಪ್ಲೇಸ್ ಆಲ್’ ಎಂದರೆ ಅಷ್ಟೂ ಸಾಲುಗಳ ವಿಳಾಸವು ಒಮ್ಮೆಗೇ ಹೋಗುವದು. ಅದರಂತೆಯೇ ಉಳಿದ ಉದ್ಧರಣ ಚಿಹ್ನೆಯನ್ನೂ ತೆಗೆದರೆ ಶುದ್ಧವಾದ ಹೆಸರುಗಳು ಮಾತ್ರ ಉಳಿಯುವವು.

ಎರಡನೆಯ ದಾರಿಯು ಹಳೆಯದು, ಆದರೆ ಬಹು ಚುರುಕಾದದ್ದು. ಫೋಲ್ಡರಿನ ಮೇಲ್ಗಡೆ ವಿಳಾಸ ಕಾಣುವ ಪಟ್ಟಿಯಲ್ಲಿ ಸಿ, ಎಮ್, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆಯುವದು. ಅದರಲ್ಲಿ ಡಿ, ಐ, ಆರ್ ಎಂದು ಬರೆದು, ಒಂದು ತೆರವು ಬಿಟ್ಟು, ಮುಂದಕ್ಕೆ ಬಾಗಿದ ಓರೆಗೆರೆಯನ್ನೂ ಅದಕ್ಕೆ ಅಂಟಿದಂತೆ ‘ಬಿ’ ಅಕ್ಷರವನ್ನೂ ಬರೆದು, ಮತ್ತೆ ತೆರವು ಬಿಟ್ಟು, ಗಣಿತದಲ್ಲಿ ‘ಅದಕ್ಕಿಂತ ಹೆಚ್ಚು’ ಎಂದು ತೋರಿಸುವ ಚಿಹ್ನೆಯನ್ನು ಇಟ್ಟು, ಕೊನೆಗೆ ಹೊಸ ಯಾದಿಗೆ ಬೇಕಾದ ಹೆಸರನ್ನೂ ಅದರ ಮುಂದೆ ಚುಕ್ಕೆಯಿಟ್ಟು ಟಿ, ಎಕ್ಸ್, ಟಿ ಅಕ್ಷರಗಳನ್ನೂ ಕೊಟ್ಟು ಎಂಟರ್ ಒತ್ತಬೇಕು. ಕ್ಷಣಮಾತ್ರದಲ್ಲಿ ಆ ಫೋಲ್ಡರಿನೊಳಗೆ ಯಾದಿಯ ಫೈಲು ಹುಟ್ಟುವದು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಅಲ್ಲಿಂದ ವರ್ಡಿಗೆ ಕಾಪಿ ಮಾಡಬಹುದು. ಇಲ್ಲೊಂದು ವಿನೋದವುಂಟು: ಯಾದಿಯೂ ಅದೇ ಫೋಲ್ಡರಿನಲ್ಲಿ ಹುಟ್ಟುವದರಿಂದ ತನ್ನ ಹೆಸರನ್ನೂ ತಾನೇ ಬರೆದುಕೊಂಡಿರುವದು. ಆ ಸಾಲನ್ನು ಅಳಿಸಿಬಿಡಬೇಕು. ಇಲ್ಲದಿದ್ದರೆ ಎಣಿಕೆಯಲ್ಲಿ ಒಂದು ಹೆಚ್ಚಾಗುವದು.

ಫೈಲುಗಳಿಗೆ ಕನ್ನಡದಲ್ಲಿ ಹೆಸರಿಟ್ಟವರು ಈ ಎರಡನೆಯ ದಾರಿಯಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಕಪ್ಪು ಕಿಟಕಿಯು ಹಳೆಯ ಲಿಪಿಸಂಕೇತದಲ್ಲಿ ಬರೆಯುವ ರೂಢಿಯುಳ್ಳದ್ದು. ಹಾಗೆ ಬಿಟ್ಟರೆ ಕನ್ನಡದ ಅಕ್ಷರಗಳ ಸ್ಥಳದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ನಿಲ್ಲುವವು. ಮೇಲಿನ ಆಜ್ಞೆಗಿಂತ ಮೊದಲು ಸಿ, ಎಚ್, ಸಿ, ಪಿ ಎಂಬ ಅಕ್ಷರಗಳನ್ನು ಬರೆದು, ತೆರವು ಬಿಟ್ಟು 65001 ಎಂಬ ಅಂಕಿಯನ್ನು ಕೊಟ್ಟು ಎಂಟರ್ ಒತ್ತಿದರೆ ಯೂನಿಕೋಡಿನ ಬರವಣಿಗೆಗೆ ದಾರಿಯಾಗುವದು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿರುವಾಗ, ನಮ್ಮ ಮನೆಯ ಕಾಗದಕ್ಕೆ ನಮ್ಮ ನುಡಿಯಲ್ಲಿ ಹೆಸರಿಡಲು ಸಂಕೋಚವೇಕೆ? ಮ್ಯಾಕ್ ಗಣಕವಿರುವವರಿಗೆ ಇಷ್ಟು ಶ್ರಮವೂ ಇಲ್ಲ. ಫೈಲುಗಳನ್ನು ಆರಿಸಿ ಕಾಪಿ ಮಾಡಿ, ಟೆಕ್ಸ್ಟ್‌ಎಡಿಟಿನ ಸಾದಾ ಬರೆಹದ ಪುಟದಲ್ಲಿ ಪೇಸ್ಟ್ ಮಾಡಿದರೆ ಹೆಸರುಗಳಷ್ಟೇ ಬರುವವು.

ಯಾದಿಯು ಕೈಗೆ ಬಂದೊಡನೆ ನಮ್ಮ ಹೆಸರಿಡುವ ಪದ್ಧತಿಯ ಗುಣದೋಷಗಳು ಕಣ್ಣಿಗೆ ಬೀಳುವವು. 1, 2, 3 ಎಂದು ಹೆಸರಿಟ್ಟ ಫೈಲುಗಳು ಕಪ್ಪು ಕಿಟಕಿಯ ಯಾದಿಯಲ್ಲಿ 1, 10, 11, 2 ಎಂಬ ಕ್ರಮದಿಂದ ಬರುವದುಂಟು. ಯಂತ್ರವು ಅಲ್ಲಿ ಅಂಕಿಗಳನ್ನು ಸಂಖ್ಯೆಯೆಂದು ಎಣಿಸದೆ ಅಕ್ಷರಗಳೆಂದು ಎಣಿಸುವದೇ ಇದರ ಕಾರಣ. 001, 002 ಎಂದು ಸೊನ್ನೆ ತುಂಬಿ ಬರೆದರೆ ಕ್ರಮವು ಕೆಡದು. ತಾರೀಖನ್ನು ಬರೆಯುವಾಗ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2019-08-10 ಎಂದು ಬರೆದರೆ ಕಾಲಾನುಕ್ರಮವು ತಾನೇ ಕೂಡಿಬರುವದು. ಓರೆಗೆರೆಯನ್ನು ಫೈಲಿನ ಹೆಸರಿನಲ್ಲಿ ವಿಂಡೋಸ್ ಒಪ್ಪದು. ಅದಕ್ಕಾಗಿ ಅಡ್ಡಗೆರೆಯನ್ನೇ ಬಳಸತಕ್ಕದ್ದು. ಅಕಾರಾದಿಯಾಗಿ ಜೋಡಿಸುವವರಿಗೆ ಇನ್ನೊಂದು ಮಾತು: ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ನಂತರ ಬರುವದಾದರೂ, ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಅದು ಲಕಾರದ ಮಗ್ಗುಲಲ್ಲಿಯೇ ಕುಳಿತಿದೆ.

ಎಲ್ಲಕ್ಕಿಂತ ಮುಖ್ಯವಾದುದು ಹೆಸರಿನ ಸತ್ತ್ವ. ಕಳೆದುಹೋದ ಖರೀದಿಪತ್ರದ ಪ್ರತಿಯನ್ನು ಸಬ್‌ರಜಿಸ್ಟ್ರಾರ ಕಚೇರಿಯಲ್ಲಿ ಕೇಳುವವನಿಗೆ ನೋಂದಣಿಯ ಸಂಖ್ಯೆಯೂ ವರ್ಷವೂ ಗೊತ್ತಿದ್ದರೆ ಅರ್ಧ ಕೆಲಸವಾದಂತೆಯೇ. ಉತಾರಕ್ಕೆ ಊರಿನ ಹೆಸರೂ ಸರ್ವೇ ನಂಬರೂ ಬೇಕು. ಹತ್ತನೆಯ ತರಗತಿಯ ಅಂಕಪತ್ರಕ್ಕೆ ಪರೀಕ್ಷೆಯ ವರ್ಷವೂ ನೋಂದಣಿ ಸಂಖ್ಯೆಯೂ ಬೇಕು. ಆದುದರಿಂದ ‘ಕಾಗದ-1’ ಎಂದು ಹೆಸರಿಡದೆ, ಯಾವ ಕಾಗದ, ಯಾವ ವರ್ಷ, ಯಾವ ಸಂಖ್ಯೆ ಎಂಬ ಮೂರನ್ನು ಹೆಸರಿನಲ್ಲಿಯೇ ಸೇರಿಸಿದರೆ, ಕಾಗದವು ಹೋದರೂ ಚಿತ್ರವು ಹೋದರೂ ಯಾದಿಯ ಒಂದು ಸಾಲಿನಿಂದಲೇ ಅದನ್ನು ಮರಳಿ ಪಡೆಯುವ ದಾರಿಯು ತೆರೆದಿರುವದು. ಆದರೆ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆಯ ಸಂಖ್ಯೆ ಮೊದಲಾದವುಗಳನ್ನು ಹೆಸರಿನಲ್ಲಿ ಸೇರಿಸಲಾಗದು. ಯಾದಿಯು ಪರರ ಕೈಗೆ ಸಿಕ್ಕರೆ ಅವುಗಳಿಂದ ತೊಂದರೆಯುಂಟಾದೀತು.

ಹೆಸರುಗಳು ಪುಟಕ್ಕೆ ಇಳಿದ ಮೇಲೆ ಅವುಗಳನ್ನು ಕೋಷ್ಟಕವಾಗಿ ಮಾರ್ಪಡಿಸಿ, ಪಕ್ಕದಲ್ಲಿ ಎರಡು ಅಂಕಣಗಳನ್ನು ಕೂಡಿಸಬೇಕು: ಒಂದರಲ್ಲಿ ಇದು ಯಾರ ಕಾಗದವೆಂಬದನ್ನೂ, ಇನ್ನೊಂದರಲ್ಲಿ ಅದರ ಮೂಲವು ಯಾವ ಪೆಟ್ಟಿಗೆಯಲ್ಲಿದೆಯೆಂಬದನ್ನೂ ಬರೆಯಬೇಕು. ಈ ಕೆಲಸಕ್ಕೆ ಮನೆಯ ಹಿರಿಯರನ್ನು ಜತೆಯಲ್ಲಿ ಕೂಡ್ರಿಸಿಕೊಳ್ಳುವದು ಅತ್ಯಾವಶ್ಯಕ. ಹೆಸರುಗಳನ್ನು ತೆಗೆಯುವದನ್ನು ಶಾಲೆಗೆ ಹೋಗುವ ಮೊಮ್ಮಗಳು ಹತ್ತು ನಿಮಿಷದಲ್ಲಿ ಮಾಡಬಲ್ಲಳು. ಹಳೆಯ ಭಾವಚಿತ್ರದ ಎಡತುದಿಯಲ್ಲಿ ನಿಂತ ಹೆಣ್ಣುಮಗಳು ಯಾರು, ಮೋಡಿ ಅಕ್ಷರದ ಕಾಗದವು ಯಾವ ಹೊಲದ್ದು ಎಂಬದನ್ನು ಹೇಳಬಲ್ಲವಳು ಅಜ್ಜಿಯೊಬ್ಬಳೇ. ಆಕೆಯು ಹೇಳುವಾಗ ಬರೆದುಕೊಳ್ಳುವದಕ್ಕೆ ಸಾಲುಗಳು ಸಿದ್ಧವಾಗಿದ್ದರೆ ಮಾತು ಗಾಳಿಗೆ ಹೋಗದೆ ಕಾಗದದ ಮೇಲೆ ನಿಲ್ಲುವದು. ಯಂತ್ರಕ್ಕೆ ಸಿಕ್ಕುವದು ಹೆಸರು ಮಾತ್ರ. ಅದರ ಅರ್ಥವನ್ನು ತುಂಬುವವರು ಮನೆಯ ಹಿರಿಯರು. ಇದಕ್ಕೆ ನಾಳೆ ಮಾಡೋಣವೆಂದರೆ ನಡೆಯದು.

ಕೊನೆಗೆ ಎಣಿಕೆ. ಫೋಲ್ಡರಿನ ಕೆಳಬದಿಯಲ್ಲಿ ಒಟ್ಟು ಎಷ್ಟು ಫೈಲುಗಳಿವೆಯೆಂಬ ಸಂಖ್ಯೆಯು ಕಾಣುವದು. ಅದೂ ಯಾದಿಯ ಸಾಲುಗಳ ಸಂಖ್ಯೆಯೂ ಸರಿಹೊಂದಬೇಕು. ಯಾದಿಯ ತಲೆಯ ಮೇಲೆ ತಾರೀಖನ್ನೂ ಒಟ್ಟು ಸಂಖ್ಯೆಯನ್ನೂ ಬರೆದು, ಎರಡು ಪ್ರತಿಗಳನ್ನು ಅಚ್ಚು ಮಾಡಿಸಿ, ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇಡಬೇಕು. ವರ್ಷಕ್ಕೊಮ್ಮೆ ಹೊಸ ಯಾದಿಯನ್ನು ತೆಗೆದು ಹಳೆಯದರೊಡನೆ ಹೋಲಿಸಿದರೆ ಯಾವದು ಕೂಡಿತು, ಯಾವದು ಕಾಣೆಯಾಯಿತು ಎಂಬದು ತಿಳಿಯುವದು. ಯಾದಿಯು ವಸ್ತುವಲ್ಲವೆಂಬದನ್ನೂ ಮರೆಯಲಾಗದು. ಚಿತ್ರಗಳ ಇನ್ನೊಂದು ಪ್ರತಿಯು ಬೇರೆ ಡಿಸ್ಕಿನಲ್ಲಿ ಇದ್ದೇ ತೀರಬೇಕು.

ಮಳೆಗಾಲವು ಬರುವ ಮೊದಲು ಸೂರಿನ ಹಂಚುಗಳನ್ನು ಸರಿಪಡಿಸುವ ರೂಢಿಯು ನಮ್ಮಲ್ಲಿ ಉಂಟಷ್ಟೆ. ಅದೇ ವಾರದಲ್ಲಿ ಒಂದು ಮಧ್ಯಾಹ್ನವನ್ನು ಈ ಯಾದಿಗಾಗಿ ಮೀಸಲಿಡಬೇಕೆಂದು ತಿಮ್ಮಾಪುರದ ಮತ್ತು ಸುತ್ತಲಿನ ಊರುಗಳ ವಾಚಕರಲ್ಲಿಯೂ, ವಿಶೇಷವಾಗಿ ಮನೆಯ ತಾಯಂದಿರಲ್ಲಿಯೂ ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುವೆವು.